ದೇವರ ಗೂಡಿನಲ್ಲೊಂದು ಬಿಯರ್ ಡಬ್ಬಿ

ನಾನು ಹುಟ್ಟಿದ್ದು ಬಿಯರ್ ಡಬ್ಬಿಯಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಮೈಮೇಲೆ ಈಗಲೂ ಕುಂಕುಮದ ಕಲೆ ಇದೆ. ಅದನ್ನು ಕಂಡು ನೀವು ಕೈಮುಗಿಯುವುದು, ಆಮೇಲೆ ಸಂಗತಿ ತಿಳಿದು ಬೈಯುವುದು, ಎರಡೂ ಬೇಡ. ನನ್ನ ಹುಟ್ಟೂರು ಅಮೆರಿಕದಲ್ಲಿದೆ. ಉಕ್ಕಿನ ತಗಡನ್ನು ಸುತ್ತಿ, ಅಂಚಿಗೆ ಅಂಚು ಬೆಸೆದು, ಕಲಾಯಿ ಹಾಕಿ ನನ್ನನ್ನು ಮಾಡಿದರು. ಆಕಾರ ಮಾತ್ರ ಕೊಂಚ ವಿಚಿತ್ರ. ಕೆಳಗೆ ನೆಟ್ಟಗಿನ ಡಬ್ಬಿ, ಮೇಲೆ ಬೋರಲು ಹಾಕಿದ ಲಾಳಿಕೆಯಂಥ ಹೆಗಲು, ಅದರ ಮೇಲೆ ಸಪೂರ ಕುತ್ತಿಗೆ, ಬಾಯಿಗೆ ಸೋಡಾ ಬಾಟಲಿಗೆ ಹಾಕುವಂಥ ತಗಡಿನ ಬಿರಡೆ. ಡಬ್ಬಿಯೋ ಬಾಟಲಿಯೋ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ನನಗೇ ಕಷ್ಟವಾಗುತ್ತಿತ್ತು.

ಅದಕ್ಕೂ ಒಂದು ಕಾರಣವಿತ್ತು. ಆ ಕಾಲಕ್ಕೆ ಬಿಯರನ್ನು ಡಬ್ಬಿಯಲ್ಲಿ ತುಂಬುವುದು ಹೊಸ ವಿದ್ಯೆ. ದೊಡ್ಡ ಕಂಪನಿಗಳು ಹೊಸ ಯಂತ್ರಗಳನ್ನು ತರಿಸಿ ಚಪ್ಪಟೆ ತಲೆಯ ಡಬ್ಬಿಗಳನ್ನು ತುಂಬಿಸುತ್ತಿದ್ದವು. ನಮ್ಮ ವಿಟ್‌ಹೋಲ್ಟ್ ಬಿಯರಿನವರು ಹಾಸಿಗೆ ಇದ್ದಷ್ಟು ಕಾಲು ಚಾಚುವ ಜನ. ಬಾಟಲಿ ತುಂಬುವ ಹಳೆಯ ಯಂತ್ರದಲ್ಲೇ ಕೂರುವ ಹಾಗೆ ಡಬ್ಬಿಗೆ ಬಾಟಲಿಯ ಕುತ್ತಿಗೆ ಇಡಿಸಿಕೊಂಡರು. ಹೀಗೆ ನಾನು ಅತ್ತ ಬಾಟಲಿಯೂ ಅಲ್ಲದ, ಇತ್ತ ಡಬ್ಬಿಯೂ ಅಲ್ಲದ ಜನ್ಮ ತಾಳಿದೆ. ಆದರೆ ಈ ಕುತ್ತಿಗೆಯಿಂದಲೇ ನನ್ನ ಬದುಕು ಬೇರೆ ದಾರಿ ಹಿಡಿಯಿತು. ಹಾಗಾಗಿ ದೂರುವುದಿಲ್ಲ.

ವಿಟ್‌ಹೋಲ್ಟ್ ಎಂಬುದು ನಮ್ಮ ಮೂಲಪುರುಷನ ಹೆಸರು. ಜರ್ಮನಿಯಿಂದ ಹಡಗು ಹತ್ತಿ ಬಂದ ಆ ಪುಣ್ಯಾತ್ಮ ಮಿಸಿಸಿಪ್ಪಿ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ನೆಲೆ ನಿಂತು, ಗುಡ್ಡದಲ್ಲಿ ಗವಿ ತೋಡಿಸಿ, ಚಳಿಗಾಲದಲ್ಲಿ ನದಿಯ ಮಂಜುಗಡ್ಡೆ ಕೊಯ್ದು ತುಂಬಿಸಿ, ಅದರ ತಂಪಿನಲ್ಲಿ ಬಿಯರ್ ಇಳಿಸುತ್ತಿದ್ದನಂತೆ. ಮೊದಲು ಮರದ ಪೀಪಾಯಿ, ಆಮೇಲೆ ಗಾಜಿನ ಬಾಟಲಿ. ಬಾಟಲಿ ಬಂದಾಗ ಅದಕ್ಕೊಂದು ಚೀಟಿ ಬೇಕಲ್ಲ. ಓದು ಬಾರದವರಿಗೂ ಗುರುತು ಸಿಗಬೇಕೆಂದು ಆತ ತನ್ನ ಮಗಳು ಲೀನಾಳ ಚಿತ್ರ ಬರೆಸಿದ. ಹಿಂದೆ ಕಾರ್ಖಾನೆಯ ಎತ್ತರದ ಗೋಪುರ, ಅದರ ಬುಡದಿಂದ ನದಿಗೆ ಇಳಿಯುವ ಮೆಟ್ಟಿಲು, ನದಿಯಲ್ಲಿ ಎರಡು ದೋಣಿ, ಮೆಟ್ಟಿಲಿನ ಮೇಲೆ ಕೂದಲು ಇಳಿಬಿಟ್ಟು ನಿಂತ ಲೀನಾ, ಅವಳ ಕೈಯಲ್ಲಿ ನೊರೆ ಉಕ್ಕುವ ಬಿಯರ್ ಲೋಟ. ಒಂದು ತೊಟ್ಟೂ ಕುಡಿಯದ ತನ್ನನ್ನು ಊರೂರ ಕುಡುಕರೆಲ್ಲ ನೋಡುತ್ತಾರೆಂದು ಲೀನಾ ಮುದುಕಿಯಾಗುವವರೆಗೂ ಗೊಣಗುತ್ತಿದ್ದಳಂತೆ.

ಮುಂದೆ ಆ ದೇಶದಲ್ಲಿ ಪಾನನಿಷೇಧ ಬಂತು. ಬಿಯರ್ ಮಾಡಿದರೆ ಜೈಲು. ಅಕ್ಕಪಕ್ಕದ ಊರುಗಳಲ್ಲಿ ಎಷ್ಟೋ ಭಟ್ಟಿಗಳು ಬಾಗಿಲು ಮುಚ್ಚಿದವು. ನಮ್ಮವರು ಬಾರ್ಲಿಯ ಸಿಹಿ ಪಾಕ ಮಾಡಿ ಮಾರುತ್ತ ಹದಿಮೂರು ವರ್ಷ ಹೇಗೋ ಉಸಿರು ಹಿಡಿದುಕೊಂಡರು. ಚೀಟಿಯಲ್ಲಿ ಬಿಯರ್ ಲೋಟ ಇರುವಂತಿಲ್ಲ. ಚಿತ್ರಗಾರ ಲೋಟವನ್ನು ಕೆರೆದುಹಾಕಿ ಲೀನಾಳ ಕೈಗೆ ಒಂದು ಹೂಜಿ ಕೊಟ್ಟ. ನಿಷೇಧ ಹೋದ ಮೇಲೆ ಲೋಟವನ್ನು ಮತ್ತೆ ತರೋಣವೆಂದು ಎಲ್ಲರೂ ಹೇಳಿದರು. ಅಷ್ಟು ಹೊತ್ತಿಗೆ ಲೀನಾಳೇ ಯಜಮಾನಿ. ಕಷ್ಟಕಾಲದಲ್ಲಿ ಅನ್ನ ಹಾಕಿದ್ದು ಈ ಹೂಜಿ, ಇದು ಇಲ್ಲೇ ಇರಲಿ ಎಂದುಬಿಟ್ಟಳು.

ನಾನು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ನನಗಿಂತ ಮೊದಲಿನವರಿಗೆ ಕೆಂಪು, ಹಳದಿ, ಬಂಗಾರದ ಬಣ್ಣ. ಸೈನಿಕರಿಗಾಗಿ ಹೊರಟ ನಮಗೆ ಮಾತ್ರ ಮೈಯೆಲ್ಲ ಕೊಳೆತ ಎಲೆಯಂಥ ಹಸಿರು. ಬಿಸಿಲಿಗೆ ಫಳಗುಟ್ಟಿದರೆ ಶತ್ರು ವಿಮಾನಕ್ಕೆ ಕಂಡೀತು ಎಂಬ ಹೆದರಿಕೆಯಂತೆ. ಆ ಮಂಕು ಹಸಿರಿನ ಮೇಲೆ ಲೀನಾ, ನದಿ, ಮೆಟ್ಟಿಲು, ಗೋಪುರ ಎಲ್ಲವೂ ಬರೀ ಕಪ್ಪು ಗೆರೆಗಳಲ್ಲಿ. ಮದುವೆ ಸೀರೆ ಉಡಬೇಕಾದವಳಿಗೆ ಖಾಕಿ ತೊಡಿಸಿದರಲ್ಲ ಎಂದು ನನಗೆ ಬಹಳ ಬೇಸರವಾಗಿತ್ತು.

ಹಡಗಿನಲ್ಲಿ ಕಲ್ಕತ್ತಾಕ್ಕೆ ಬಂದೆವು, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ. ಯುದ್ಧದಲ್ಲಿ ಪೆಟ್ಟು ತಿಂದ ಅಮೆರಿಕದ ವಿಮಾನಗಳನ್ನು ಇಲ್ಲಿಯ ವಿಮಾನ ಕಾರ್ಖಾನೆಯಲ್ಲಿ ದುರಸ್ತಿ ಮಾಡುತ್ತಿದ್ದರು. ನನ್ನ ಜೊತೆ ಬಂದವರನ್ನೆಲ್ಲ ಸೈನಿಕರು ಒಂದೇ ಸಂಜೆಯಲ್ಲಿ ಖಾಲಿ ಮಾಡಿ ತಿಪ್ಪೆಗೆ ಎಸೆದರು. ನಾನು ಉಳಿದದ್ದು ವಾಲ್ಟರ್ ಎಂಬ ಸಾರ್ಜೆಂಟನ ಕೈಗೆ ಸಿಕ್ಕಿದ್ದರಿಂದ. ಅವನು ನಮ್ಮ ಊರಿನವನೇ. ಗೋಪುರದ ಹಿಂದಿನ ಬೀದಿಯಲ್ಲಿ ಅವನ ಮನೆ. ನನ್ನ ಮೇಲಿನ ಚಿತ್ರ ಕಂಡವನೇ ಬಿರಡೆ ಕೀಳಲು ಎತ್ತಿದ ಕೈಯನ್ನು ಇಳಿಸಿ ನನ್ನನ್ನು ತನ್ನ ಟ್ರಂಕಿನಲ್ಲಿಟ್ಟುಕೊಂಡ.

ಕಾರ್ಖಾನೆಯಲ್ಲಿ ವಾಲ್ಟರನ ಜೋಡಿ ಚೌಡಪ್ಪ. ಹಲಸೂರಿನ ದೇವಾಂಗರ ಹುಡುಗ, ಅಪ್ಪನ ಕಾಲದ ಮಗ್ಗ ನಿಂತುಹೋಗಿ ಕಾರ್ಖಾನೆಗೆ ಸೇರಿದವನು. ಇಬ್ಬರದೂ ರೆಕ್ಕೆಯ ತಗಡಿಗೆ ರಿವೆಟ್ ಹೊಡೆಯುವ ಕೆಲಸ. ಒಬ್ಬ ಈಚೆಯಿಂದ ಹೊಡೆದರೆ ಇನ್ನೊಬ್ಬ ಆಚೆಯಿಂದ ಕಬ್ಬಿಣದ ತುಂಡನ್ನು ಒತ್ತಿ ಹಿಡಿಯಬೇಕು. ನಡುವೆ ತಗಡು. ಮುಖಕ್ಕೆ ಮುಖ ಕಾಣದು, ಗದ್ದಲದಲ್ಲಿ ಮಾತು ಕೇಳದು. ರಿವೆಟ್ ಸರಿಯಾಗಿ ಕೂತರೆ ಆಚೆಯವನು ತಗಡಿಗೆ ಒಂದು ಸಲ ತಟ್ಟಬೇಕು, ಇನ್ನೂ ಹೊಡೆ ಎನ್ನಬೇಕಾದರೆ ಎರಡು ಸಲ. ಭಾಷೆ ಬಾರದ ಇಬ್ಬರು ಹೀಗೆ ತಟ್ಟಿ ತಟ್ಟಿಯೇ ಸ್ನೇಹಿತರಾದರು. ಯುದ್ಧ ಮುಗಿದು ವಾಲ್ಟರ್ ಊರಿಗೆ ಹೊರಟಾಗ ಅವನಲ್ಲಿ ಕೊಡಲು ಬೇರೇನೂ ಇರಲಿಲ್ಲ. ನನ್ನನ್ನು ಚೌಡಪ್ಪನ ಕೈಯಲ್ಲಿಟ್ಟು, ಚಿತ್ರದಲ್ಲಿ ಗೋಪುರದ ಹಿಂದೆ ಬೆರಳಿಟ್ಟು, ತನ್ನ ಎದೆ ತಟ್ಟಿಕೊಂಡು ತೋರಿಸಿದ. ಆಮೇಲೆ ನನ್ನ ಹೆಗಲಿಗೆ ಒಂದು ಸಲ ತಟ್ಟಿ ಹೊರಟುಹೋದ.

ಚೌಡಪ್ಪನಿಗೆ ನನ್ನ ಹೊಟ್ಟೆಯಲ್ಲಿ ಏನಿದೆ ಎಂದು ಚೆನ್ನಾಗಿ ಗೊತ್ತಿತ್ತು. ಅವನ ಮನೆಯಲ್ಲಿ ಹೆಂಡದ ಹೆಸರೆತ್ತಿದರೂ ಅವನ ತಾಯಿ ಬಾಯಿ ತೊಳೆದುಕೊಂಡು ಬಾ ಅನ್ನುವವರು. ಕುಡಿಯುವಂತಿಲ್ಲ, ಸ್ನೇಹಿತ ಕೊಟ್ಟದ್ದನ್ನು ಎಸೆಯುವಂತೆಯೂ ಇಲ್ಲ. ಟವೆಲಿನಲ್ಲಿ ಸುತ್ತಿ ತಂದು, ಅಟ್ಟದ ಮೇಲೆ ಮುರಿದ ಮಗ್ಗದ ತುಂಡುಗಳ ಹಿಂದೆ ನನ್ನನ್ನು ಬಚ್ಚಿಟ್ಟ.

ಆ ತಾಯಿಯ ಹೆಸರು ಗಿರಿಯಮ್ಮ. ಅವರಿಗೆ ಬಾಳಿನಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ಸಾಯುವಾಗ ಬಾಯಿಗೆ ಕಾಶಿಯ ಗಂಗೆ ಬೀಳಬೇಕು. ಕಾಶಿಗೆ ಹೋಗಿ ಬಂದವರು ತಾಮ್ರದ ಸಣ್ಣ ಗಿಂಡಿಗಳಲ್ಲಿ ಗಂಗೆ ತುಂಬಿಸಿ, ಬಾಯಿಗೆ ಬೆಸುಗೆ ಹಾಕಿಸಿ ತರುತ್ತಾರಲ್ಲ, ಅಂಥದ್ದೊಂದು ತಮ್ಮ ಮನೆಯಲ್ಲೂ ಇರಬೇಕು ಎಂದು ಮಗನಿಗೆ ಹೇಳುತ್ತಲೇ ಇದ್ದರು. ಅದರ ಹಿಂದೆ ಒಂದು ನೋವಿತ್ತು. ಗಂಡ ಕೊನೆಯುಸಿರು ಎಳೆಯುತ್ತಿದ್ದಾಗ ಗಿರಿಯಮ್ಮ ಗಂಗೆ ಕೇಳಲು ಪಕ್ಕದ ಬೀದಿಯ ಒಂದು ಮನೆಗೆ ಓಡಿದ್ದರು. ಬೆಸುಗೆ ಒಡೆದರೆ ನಮಗೆ ಇಲ್ಲವಾಗುತ್ತದಲ್ಲ ಎಂದು ಆ ಮನೆಯವರು ಕೊಡಲಿಲ್ಲ. ತಿರುಗಿ ಬರುವಷ್ಟರಲ್ಲಿ ಗಂಡ ಬಾಯಿ ತೆರೆದುಕೊಂಡೇ ಹೋಗಿದ್ದರು. ಆ ತೆರೆದ ಬಾಯಿಯನ್ನು ಗಿರಿಯಮ್ಮ ಮರೆಯಲಿಲ್ಲ.

ಯುಗಾದಿಗೆ ಮುಂಚೆ ಮನೆ ಸಾರಿಸಿ ಧೂಳು ಹೊಡೆಯುವಾಗ ಸೊಸೆ ಸೀಬಮ್ಮ ಅಟ್ಟ ಹತ್ತಿ ನನ್ನನ್ನು ಕೆಳಗೆ ಕೊಟ್ಟಳು. ಗಿರಿಯಮ್ಮ ನನ್ನನ್ನು ಬಾಗಿಲ ಬೆಳಕಿಗೆ ಹಿಡಿದರು. ಅಲ್ಲಾಡಿಸಿದರು, ಒಳಗೆ ನೀರಿನ ಸದ್ದು. ಬಾಯಿ ನೋಡಿದರು, ಬಿಗಿಯಾಗಿ ಮುಚ್ಚಿದೆ. ಮೈ ನೋಡಿದರು. ದೊಡ್ಡ ನದಿ, ದೋಣಿ, ನದಿಗಿಳಿಯುವ ಮೆಟ್ಟಿಲು, ಮೆಟ್ಟಿಲ ಮೇಲೆ ಗೋಪುರ, ಎಲ್ಲಕ್ಕೂ ಮುಂದೆ ಕೂದಲು ಇಳಿಬಿಟ್ಟುಕೊಂಡು ಕೈಯಲ್ಲಿ ಕಲಶ ಹಿಡಿದು ನಿಂತ ಹೆಂಗಸು. ನಮ್ಮ ಲೀನಾಳನ್ನು ಗಂಗಾಮಾತೆ ಎಂದು ಕಂಡ ಮೊದಲಿಗರು ಅವರೇ ಇರಬೇಕು. ನನ್ನನ್ನು ಕಣ್ಣಿಗೊತ್ತಿಕೊಂಡು ಗಳಗಳ ಅತ್ತರು.

ಸಂಜೆ ಚೌಡಪ್ಪ ಬರುವ ಹೊತ್ತಿಗೆ ನಾನು ದೇವರ ಗೂಡಿನಲ್ಲಿದ್ದೆ. ಹಣೆಗೆ ಕುಂಕುಮ, ಕುತ್ತಿಗೆಗೆ ಕನಕಾಂಬರದ ಹೂ, ಮುಂದೆ ದೀಪ. ಅವನು ಹೊಸಿಲಲ್ಲೇ ನಿಂತುಬಿಟ್ಟ.

“ನಿನ್ನ ಜೋಡಿ ಕೆಲ್ಸ ಮಾಡ್ತಿದ್ದ ಆ ದೊರೆ ಕಲ್ಕತ್ತಾ ಕಡೆಯಿಂದ ಬಂದೋನು ಅಂದಿದ್ದೆ. ಕಾಶಿ ಮ್ಯಾಲಿಂದ ಬಂದ್ನೇನಪ್ಪಾ?” ಎಂದು ಗಿರಿಯಮ್ಮ ಕೇಳಿದರು.

ಅವರ ಮುಖದಲ್ಲಿ ಅಂಥ ಬೆಳಕನ್ನು ಅಪ್ಪ ಸತ್ತಂದಿನಿಂದ ಚೌಡಪ್ಪ ಕಂಡಿರಲಿಲ್ಲ. ಅವನ ಬಾಯಿಂದ ಹೊರಟದ್ದು ಒಂದು “ಹೂಂ” ಮಾತ್ರ. ನಾನಾದರೂ ಕೂಗಿ ಹೇಳುತ್ತಿದ್ದೆ, ಆದರೆ ನನ್ನ ಬಾಯಿಗೆ ಬಿರಡೆ ಜಡಿದಿತ್ತು.

ಅವನು ಹೆಂಡತಿಗೆ ಮಾತ್ರ ನಿಜ ಹೇಳಿದ. ಸೀಬಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು, ನಕ್ಕು ಸುಸ್ತಾದ ಮೇಲೆ ಹೆದರಿದಳು. ಅತ್ತೆ ನನ್ನ ಮೈಮೇಲಿನ ಗೆರೆ ಗೆರೆಯನ್ನೂ ಬಾಯಿಪಾಠ ಮಾಡಿಕೊಂಡಿದ್ದರಿಂದ ಬೇರೆ ಗಿಂಡಿ ತಂದಿಟ್ಟು ಏಮಾರಿಸುವಂತಿರಲಿಲ್ಲ. ಉಳಿದ ದಾರಿ ಒಂದೇ. ನಿಜವಾದ ಗಂಗೆ ತರಿಸುವುದು, ಗುಟ್ಟಾಗಿ ನನ್ನ ಬಿರಡೆ ಕಿತ್ತು ಬಿಯರ್ ಚೆಲ್ಲುವುದು, ಗಂಗೆ ತುಂಬಿ ಮತ್ತೆ ಬಿರಡೆ ಒತ್ತುವುದು. ಆದರೆ ಕಾಶಿಗೆ ಹೋಗುವವರು ಯಾರು? ಗಿರಿಯಮ್ಮನಿಗೆ ಒಂದು ಕೆಮ್ಮು ಬಂದರೂ ಗಂಡಹೆಂಡಿರ ಎದೆ ಡವಗುಟ್ಟುತ್ತಿತ್ತು. ಅವರಿಬ್ಬರಿಗಿಂತ ಹೆಚ್ಚು ಹೆದರಿದವನು ನಾನು. ಆ ಮುದುಕಿ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ನನಗೆ ಹೂವಿಡುವಾಗ, ಈ ಬಾಯಿಗೆ ಒಂದು ದಿನ ನನ್ನಿಂದ ಮೋಸವಾಗುತ್ತದಲ್ಲ ಎಂದು ನನ್ನ ಒಳಗಿದ್ದ ಬಿಯರ್ ಇನ್ನಷ್ಟು ಕಹಿಯಾಗುತ್ತಿತ್ತು.

ಇನ್ನು ಎದುರು ಮನೆಯ ಬಟ್ಲರ್ ಮುನಿಸಾಮಪ್ಪನ ವಿಷಯ ಹೇಳಬೇಕು. ದಂಡಿನ ಕಡೆ ಇಂಗ್ಲಿಷ್ ಅಧಿಕಾರಿಗಳ ಮೆಸ್ಸಿನಲ್ಲಿ ಜೀವಮಾನವೆಲ್ಲ ಬಟ್ಲರನಾಗಿದ್ದವನು. ದೊರೆಗಳ ಲೋಟಕ್ಕೆ ಬಿಯರ್ ಬಗ್ಗಿಸುತ್ತ ಬಗ್ಗಿಸುತ್ತ ತಳದಲ್ಲಿ ಉಳಿದದ್ದಕ್ಕೆ ತಾನೂ ಒಗ್ಗಿಕೊಂಡಿದ್ದ. ಕೆಲಸ ಬಿಟ್ಟ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಸಂಜೆ ಇಂಗ್ಲಿಷ್ ಹಾಡು ಗುನುಗುತ್ತ ಬಂದರೆ ಗಿರಿಯಮ್ಮ ಜಗಲಿಯಿಂದಲೇ ಅವನ ಜನ್ಮ ಜಾಲಾಡುತ್ತಿದ್ದರು. ಅವನು ಎದುರು ಮಾತಾಡಿದವನಲ್ಲ. ನಿಂತು, ಎಲ್ಲವನ್ನೂ ಕೇಳಿ, ದೊರೆಗೆ ಹೊಡೆಯುವಂಥ ಸಲಾಮು ಹೊಡೆದು ಒಳಗೆ ಹೋಗುತ್ತಿದ್ದ. ಅದಕ್ಕೇ ಗಿರಿಯಮ್ಮನಿಗೆ ಮೈಯೆಲ್ಲ ಉರಿ. ಕುಡುಕನ ನೆರಳೂ ನಮ್ಮ ಹೊಸಿಲಿಗೆ ಬೀಳಬಾರದು ಎಂದು ಅಪ್ಪಣೆ ಮಾಡಿದ್ದರು.

ಒಂದು ಮಳೆಗಾಲದಲ್ಲಿ ಮುನಿಸಾಮಪ್ಪ ಹಾಸಿಗೆ ಹಿಡಿದ. ವೈದ್ಯರು ಕೈಬಿಟ್ಟರು. ಒಂದು ಬೆಳಿಗ್ಗೆ ಅವನ ಹೆಂಡತಿ ಯಲ್ಲಮ್ಮ ನಮ್ಮ ಜಗಲಿಯ ಕೆಳಗೆ ಬಂದು ನಿಂತಳು. ಕೇಳಲು ಬಾಯಿ ಬಾರದೆ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಗಿರಿಯಮ್ಮ ಅವಳನ್ನು ಒಂದು ಕ್ಷಣ ನೋಡಿದರು. ಎದ್ದು ಕೈಕಾಲು ತೊಳೆದು ಬಂದು ನನ್ನನ್ನು ಗೂಡಿನಿಂದ ಎತ್ತಿಕೊಂಡರು.

ಚೌಡಪ್ಪ ಅಡ್ಡ ಬಂದ. “ಅವ್ವ, ಅದು ನಿನಗೇಂತ ಇಟ್ಟಿರೋದು. ಒಂದ್ಸಲ ಬಾಯಿ ತೆಗೆದ್ರೆ ಮತ್ತೆ ನಿಲ್ಲಲ್ಲ.”

“ನಿಮ್ಮಪ್ಪಂಗೂ ಹಿಂಗೇ ಅಂದಿದ್ರು ಕಣೋ,” ಎಂದರು ಗಿರಿಯಮ್ಮ. “ಇಕ್ಳ ತಗೊಂಡು ಬಾ.”

ಅವನು ಆಗಲೂ ನಿಜ ಹೇಳಬಹುದಿತ್ತು. ಆದರೆ ಜಗಲಿಯ ಕೆಳಗೆ ಯಲ್ಲಮ್ಮ ನಿಂತಿದ್ದಳು, ಬೀದಿಯ ನಾಲ್ಕಾರು ಜನ ಕೂಡಿದ್ದರು. ಅವನು ಸೀಬಮ್ಮನ ಕಡೆ ನೋಡಿದ. ಅವಳು ಒಳಗೆ ಓಡಿ ಕೆಂಡ ತುಂಬಿದ ಧೂಪದಾನಿ ತಂದಳು, ಇದ್ದಬದ್ದ ಸಾಂಬ್ರಾಣಿಯನ್ನೆಲ್ಲ ಅದಕ್ಕೆ ಸುರಿದಳು. ಮುನಿಸಾಮಪ್ಪನ ಮನೆಯೊಳಗೆ ನಾವು ಹೋದಾಗ ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಮಸುಕಾಗಿ ಕಾಣುತ್ತಿತ್ತು. ಚೌಡಪ್ಪ ಗೋಡೆಯ ಕಡೆ ತಿರುಗಿ ನಿಂತು ಇಕ್ಕಳದಿಂದ ನನ್ನ ಬಿರಡೆಯನ್ನು ಮೆಲ್ಲಗೆ ಎಬ್ಬಿಸಿದ. ನಾನು ಉಸಿರು ಬಿಗಿ ಹಿಡಿದೆ. ಎಷ್ಟು ಹಿಡಿಯಲಿ? ಅಷ್ಟು ದಿನ ತುಂಬಿಟ್ಟುಕೊಂಡದ್ದು ಬುಸ್ಸೆಂದು ಹೊರಬಿದ್ದು, ಬಿಳಿ ನೊರೆ ಕುತ್ತಿಗೆಯಿಂದ ಉಕ್ಕಿ ಅವನ ಮುಂಗೈ ಮೇಲೆ ಹರಿಯಿತು.

ನನ್ನ ಕತೆ ಮುಗಿಯಿತು ಎಂದುಕೊಂಡೆ. ಆಗ ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕಿ ಕೈಮುಗಿದು, ಗಂಗಮ್ಮ ಉಕ್ಕಿ ಬಂದಳು ಎಂದಳು. ಉಳಿದವರೂ ಕೈಮುಗಿದರು. ಯಾರೋ ಸಣ್ಣಗೆ ಗಂಗೆಯ ನಾಮ ಹೇಳತೊಡಗಿದರು.

ಗಿರಿಯಮ್ಮ ಮುನಿಸಾಮಪ್ಪನ ತಲೆಯ ಬಳಿ ಕುಳಿತರು. ಚಮಚಕ್ಕೆ ತುಳಸಿ ಹಾಕಿ ನನ್ನನ್ನು ಬಗ್ಗಿಸಿದರು. ಚಮಚ ಎತ್ತಿದ ಕೈ ಅವನ ತುಟಿಯ ಹತ್ತಿರ ಬಂದಾಗ ಒಂದು ಗಳಿಗೆ ನಿಂತಿತು. ಆ ಗಳಿಗೆ ಯಾಕೆ ನಿಂತಿತೆಂದು ಆಗ ನನಗೆ ಹೊಳೆಯಲಿಲ್ಲ. ಮತ್ತೆ ಕೈ ಮುಂದೆ ಹೋಯಿತು, ಚಮಚ ಬರಿದಾಯಿತು.

ಮುನಿಸಾಮಪ್ಪನ ಗಂಟಲು ಅಲುಗಿತು. ಕಣ್ಣು ತೆರೆದ. ಮೊದಲು ನನ್ನನ್ನು ನೋಡಿದ, ಆಮೇಲೆ ಬೆವರುತ್ತ ನಿಂತ ಚೌಡಪ್ಪನನ್ನು ನೋಡಿದ. ಬಿಯರಿನ ರುಚಿ ತಿಳಿಯದವನಲ್ಲ ಅವನು, ಅದರಲ್ಲೇ ಬದುಕು ಕಳೆದವನು. ಒಂದು ಮಾತು ಆಡಿದ್ದರೆ ಗಿರಿಯಮ್ಮ ಬೀದಿಯಲ್ಲಿ ತಲೆ ಎತ್ತುವಂತಿರಲಿಲ್ಲ. ಅಷ್ಟು ವರ್ಷ ಅವರಿಂದ ಬೈಸಿಕೊಂಡದ್ದಕ್ಕೆಲ್ಲ ಒಂದೇ ಏಟಿಗೆ ತೀರಿಸಿಕೊಳ್ಳಬಹುದಿತ್ತು. ಅವನ ಕೆನ್ನೆಯಲ್ಲಿ ಸಣ್ಣ ನಗು ಮೂಡಿತು.

“ಸಾಕ್ಷಾತ್ ಗಂಗೇನೇ, ಗಿರಿಯಮ್ಮನೋರೇ,” ಎಂದ. “ಇನ್ನೊಂದು ಚಮಚ ಬಿಡು ತಾಯಿ.”

ಗಿರಿಯಮ್ಮ ಇನ್ನೊಂದು ಬಿಟ್ಟರು, ಅವನು ಕೇಳುವ ಮುಂಚೆ ಮತ್ತೊಂದನ್ನೂ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅವನು ಹೋಗಿಬಿಟ್ಟ. ಎಂಥ ಸುಖದ ಸಾವು, ಪುಣ್ಯವಂತ ಎಂದು ಬೀದಿಯೆಲ್ಲ ಆಡಿಕೊಂಡಿತು.

ಮನೆಗೆ ಬಂದು ಸ್ನಾನ ಮುಗಿಸಿದ ಗಿರಿಯಮ್ಮ ಮಗನನ್ನು ಕರೆದು ಬಾಗಿಲು ಮುಂದಕ್ಕೆ ಹಾಕು ಎಂದರು. ನನ್ನನ್ನು ಅವನ ಮುಂದೆ ಇಟ್ಟರು.

“ಇಷ್ಟು ವರ್ಷ ಅವನ ಬಾಯಿಂದ ಬತ್ತಿದ್ದ ವಾಸನೆ ಕಣೋ ಇದು. ನಿನ್ನ ಸಾಂಬ್ರಾಣಿ ಹೊಗೇಲಿ ಮುಚ್ಚೋಯ್ತದಾ?”

ಚೌಡಪ್ಪ ತಲೆ ತಗ್ಗಿಸಿ, ನಿನ್ನ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ಲ ಎಂದು ಹೇಗೋ ಹೇಳಿದ. ಗೊತ್ತಾದ ಮೇಲೂ ಯಾಕೆ ಹಾಕಿದೆ ಅವ್ವ ಎಂದು ಕೇಳಿದವಳು ಸೀಬಮ್ಮ. ಮುನಿಸಾಮ ಬಾಯಿ ತೆರೆದುಕೊಂಡಿದ್ದ, ತೆರೆದ ಬಾಯಿಯಿಂದ ಕೈ ಹಿಂದಕ್ಕೆ ತೆಗೆದುಕೊಳ್ಳುವುದು ತನ್ನಿಂದಾಗಲಿಲ್ಲ ಎಂದರು ಗಿರಿಯಮ್ಮ. ಆಮೇಲೆ ಅವರಿಗೆ ಅಳು ಬಂತು. ತನ್ನ ಗಂಗೆ ಸುಳ್ಳಾಯಿತೆಂದು ಅತ್ತರೋ, ಅವನಿಗೆ ಸುಳ್ಳು ಹೇಳಿದೆನೆಂದು ಅತ್ತರೋ ನಾನು ಹೇಳಲಾರೆ.

ಉಳಿದ ಬಿಯರನ್ನು ದಾಸವಾಳದ ಬುಡಕ್ಕೆ ಚೆಲ್ಲಿದರು. ನಾನಿನ್ನು ತಿಪ್ಪೆಯ ಪಾಲು ಎಂದುಕೊಂಡೆ. ಬದಲಿಗೆ ಗಿರಿಯಮ್ಮ ನನಗೆ ಹುಣಿಸೆಹಣ್ಣು ಬೂದಿ ಹಾಕಿ ಹೊರಗೆ ಉಜ್ಜಿದರು, ಒಳಗೆ ಬಿಸಿನೀರು ಹಾಕಿ ಕುಲುಕಿ ಕುಲುಕಿ ತೊಳೆದರು, ಬಿಸಿಲಿಗೆ ಬೋರಲು ಹಾಕಿದರು. ಲೀನಾಳ ಮುಖ ಅರ್ಧ ಅಳಿಸಿತು. ದೇವರ ಗೂಡಿಗೆ ಮಾತ್ರ ವಾಪಸು ಸೇರಿಸಲಿಲ್ಲ. ಅಡಿಗೆಮನೆಯ ಗೂಡಿನಲ್ಲಿ ದೀಪದ ಎಣ್ಣೆ ತುಂಬಿಡಲು ನನ್ನನ್ನು ಇಟ್ಟರು. ನನ್ನ ಕುತ್ತಿಗೆಯಿಂದ ಎಣ್ಣೆ ಚೆಲ್ಲದೆ ಸಣ್ಣಗೆ ಬೀಳುತ್ತಿತ್ತು. ಅದನ್ನು ಮೆಚ್ಚಿಕೊಂಡರು ಎಂದೇ ನನ್ನ ನಂಬಿಕೆ.

ಚೌಡಪ್ಪ ಅದೇ ಚಳಿಗಾಲದಲ್ಲಿ ಕಾರ್ಖಾನೆಗೆ ರಜೆ ಹಾಕಿ ಕಾಶಿಯ ರೈಲು ಹತ್ತಿದ. ಬರುವಾಗ ಕೈಯಲ್ಲಿ ಬೆಸುಗೆ ಹಾಕಿದ ತಾಮ್ರದ ಗಿಂಡಿ. ಗಿರಿಯಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು ಪೂಜೆ ಮಾಡಿದರು. ಆ ಗಿಂಡಿಯ ಗತ್ತು ನೋಡಬೇಕಿತ್ತು. ಹೊಟ್ಟೆ ಮುಂದೆ ಮಾಡಿಕೊಂಡು, ಕುಂಕುಮ ಹಚ್ಚಿಸಿಕೊಂಡು, ನನ್ನ ಕಡೆ ಕಣ್ಣೆತ್ತಿಯೂ ನೋಡದೆ ಕೂತಿರುತ್ತಿತ್ತು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಮನಸ್ಸು ಹಗುರವಾಗಿತ್ತು. ಆ ತಾಯಿಗೆ ಇನ್ನು ನನ್ನಿಂದ ಮೋಸವಾಗುವುದಿಲ್ಲ.

ಚೌಡಪ್ಪನಿಗೆ ಮಗಳು ಹುಟ್ಟಿ, ಕಾಶಿಯ ದೇವಿಯ ಹೆಸರು ವಿಶಾಲಾಕ್ಷಿ ಎಂದಿಟ್ಟು, ಅವಳು ಶಾಲೆಗೆ ಹೋಗುವ ಕಾಲಕ್ಕೆ ಗಿರಿಯಮ್ಮ ಮಲಗಿದರು. ಕೊನೆಯ ದಿನ ಚೌಡಪ್ಪ ಗಿಂಡಿಯ ಬೆಸುಗೆ ಬಿಡಿಸಿ ಚಮಚ ತಂದ. ಗಿರಿಯಮ್ಮ ಬಾಯಿ ಮುಚ್ಚಿಕೊಂಡರು. ತಲೆ ಅಲ್ಲಾಡಿಸಿ ಅಡಿಗೆಮನೆಯ ಕಡೆ ಬೆರಳು ತೋರಿಸಿದರು. ಯಾರಿಗೂ ಅರ್ಥವಾಗಲಿಲ್ಲ. ನೀರು ಬೇಕೇ, ದೀಪ ಹಚ್ಚಬೇಕೇ ಎಂದು ಒಬ್ಬೊಬ್ಬರೂ ಕೇಳಿದರು. ಕಡೆಗೆ ಸೀಬಮ್ಮ ನನ್ನನ್ನು ತಂದು ಅವರ ಕಣ್ಣ ಮುಂದೆ ಹಿಡಿದಳು. ಗಿರಿಯಮ್ಮನ ಬೆರಳು ಇಳಿಯಿತು.

“ಇದ್ರಲ್ಲಿ ಹಾಕಿ ಕೊಡು,” ಎಂದರು. ಒಂದೊಂದು ಮಾತಿಗೂ ಉಸಿರು ಸಾಲುತ್ತಿರಲಿಲ್ಲ. “ಮುನಿಸಾಮಂಗೆ ಗಂಗೆ ಅಂತ್ಹೇಳಿ ಇದ್ರಿಂದ ಹಾಕಿದೀನಿ. ನಾನು ಬೇರೇದ್ರಲ್ಲಿ ಕುಡ್ದು ಹೋದ್ರೆ, ಅಲ್ಲಿ ಅವನ ಮುಖ ಹೆಂಗಪ್ಪಾ ನೋಡ್ಲಿ?”

ಸೀಬಮ್ಮ ಎಣ್ಣೆ ಬಗ್ಗಿಸಿ, ಸೀಗೆಪುಡಿ ಹಾಕಿ ನನ್ನನ್ನು ತೊಳೆದಳು. ಚೌಡಪ್ಪ ತಾಮ್ರದ ಗಿಂಡಿಯನ್ನು ನನ್ನ ಬಾಯಿಯ ಮೇಲೆ ಬಗ್ಗಿಸಿದ. ಸಾವಿರ ಗಾವುದದಾಚೆಯ ಬೇರೊಂದು ನದಿಯ ದಂಡೆಯಲ್ಲಿ ಹುಟ್ಟಿದ ನನ್ನ ಒಳಗೆ ಗಂಗೆ ಇಳಿದಳು. ತಣ್ಣಗಿದ್ದಳು. ತಳದಲ್ಲಿ ಅಂಟಿದ್ದ ಎಣ್ಣೆಯ ಜಿಡ್ಡನ್ನೂ ಅದರ ಕೆಳಗಿನ ಹಳೆಯ ಕಹಿಯನ್ನೂ ಅವಳು ಅಸಹ್ಯಪಡಲಿಲ್ಲ. ಅಲ್ಲಿಂದ ಚಮಚಕ್ಕೆ, ಚಮಚದಿಂದ ಗಿರಿಯಮ್ಮನ ಬಾಯಿಗೆ. ಅವರು ನುಂಗಿದರು, ಬಾಯಿ ಮುಚ್ಚಿದರು. ಮುಚ್ಚಿದ ಬಾಯಿ ಹಾಗೆಯೇ ಇತ್ತು.

ಅಂದಿನಿಂದ ನಾನು ಮತ್ತೆ ದೇವರ ಗೂಡಿನಲ್ಲಿದ್ದೇನೆ, ಆ ತಾಮ್ರದ ಗಿಂಡಿಯ ಪಕ್ಕದಲ್ಲಿ. ಈಗ ನಮ್ಮಿಬ್ಬರಿಗೂ ಮಾತುಕತೆ ಇದೆ.

ಚೌಡಪ್ಪ ಹೋಗಿ ಬಹಳ ಕಾಲವಾಯಿತು. ಅವನಿಗೂ ನನ್ನಿಂದಲೇ ಹಾಕಿದರು. ಸೀಬಮ್ಮನಿಗೆ ಈಗ ಗಿರಿಯಮ್ಮನ ಆಗಿನ ವಯಸ್ಸಿಗಿಂತ ಹೆಚ್ಚು ವಯಸ್ಸು, ಆದರೆ ನನ್ನ ಕಣ್ಣಿಗೆ ಅವಳು ಇನ್ನೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕ ಸೊಸೆಯೇ. ಮೊನ್ನೆ ಮೊನ್ನೆ ವಿಶಾಲಾಕ್ಷಿಯ ಕಚೇರಿಗೆ ಕೆಲಸದ ಮೇಲೆ ಬಂದ ಅಮೆರಿಕದವನೊಬ್ಬ ಊಟಕ್ಕೆ ಬಂದಿದ್ದ. ಹಳೆಯ ಬಿಯರ್ ಡಬ್ಬಿಗಳನ್ನು ಕೂಡಿಸುವುದು ಅವನ ಹುಚ್ಚಂತೆ. ದೇವರ ಗೂಡಿನಲ್ಲಿ ನನ್ನನ್ನು ಕಂಡು ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನನ್ನ ತವರಿನ ಸುದ್ದಿ ಅವನಿಂದ ತಿಳಿಯಿತು. ಯುದ್ಧದ ನಂತರ ಲೀನಾ ತೀರಿಕೊಂಡಳಂತೆ. ದೊಡ್ಡ ಕಂಪನಿಯೊಂದು ವಿಟ್‌ಹೋಲ್ಟ್ ಹೆಸರನ್ನು ಕೊಂಡು, ಬಿಯರನ್ನು ಬೇರೆಲ್ಲೋ ಮಾಡಿಸತೊಡಗಿತಂತೆ. ಡಬ್ಬಿಗೆ ಅಲ್ಯೂಮಿನಿಯಂ ಬಂತು, ಚಿತ್ರ ಹೋಗಿ ಬರೀ ಅಕ್ಷರ ಉಳಿಯಿತು, ಕಡೆಗೆ ಆ ಹೆಸರೂ ಹೋಯಿತು. ನದಿ ದಂಡೆಯ ಗೋಪುರ ಈಗಲೂ ನಿಂತಿದೆ, ಒಳಗೆ ಜನ ಬಾಡಿಗೆಗಿದ್ದಾರೆ. ಕೇಳಿ ನನಗೆ ದುಃಖವಾಯಿತು. ಲೀನಾಳಿಗೆ ದಿನಾ ಹೂವಿಡುವ ಮನೆ ಇದೊಂದೇ ಉಳಿದಿದೆ ಎಂದು ಅವಳಿಗೆ ಯಾರು ಹೇಳುತ್ತಾರೆ?

ಅವನು ಕೈ ತೊಳೆದು ಬಂದು ನನ್ನನ್ನು ಎತ್ತಿಕೊಂಡ, ತನಗೆ ಕೊಡಿ ಎಂದು ಕೇಳಿದ. ಕುಂಕುಮದ ಕಲೆಯನ್ನು ತೆಗೆಸಬಹುದು, ತನ್ನ ಮನೆಯ ಗಾಜಿನ ಕಪಾಟಿನಲ್ಲಿ ಭದ್ರವಾಗಿಡುತ್ತೇನೆ ಎಂದ. ಇದರಲ್ಲಿದ್ದ ಬಿಯರನ್ನು ಕುಡಿದವರು ಯಾರು ಎಂದೂ ವಿಚಾರಿಸಿದ. ಸೀಬಮ್ಮ ಮುನಿಸಾಮಪ್ಪನಿಂದ ಹಿಡಿದು ಎಲ್ಲವನ್ನೂ ಹೇಳಿದಳು, ವಿಶಾಲಾಕ್ಷಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಕಡೆಯಲ್ಲಿ ಸೀಬಮ್ಮ ಮಗಳ ಕಡೆ ತಿರುಗಿ, “ನಂಗೂ ಇದ್ರಲ್ಲೇ ಹಾಕ್ಬೇಕು ಕಣೆ ವಿಶಾಲು, ಮರೀಬೇಡ,” ಎಂದಳು. ವಿಶಾಲಾಕ್ಷಿ ಆ ಮಾತನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸಲಿಲ್ಲ. ಆದರೂ ಅವನಿಗೆ ತಿಳಿದಿರಬೇಕು. ನನ್ನನ್ನು ಎರಡೂ ಕೈಯಿಂದ ಮತ್ತೆ ಗೂಡಿನಲ್ಲಿಟ್ಟು ಊಟಕ್ಕೆ ಮರಳಿದ.

ನನಗೂ ವಯಸ್ಸಾಯಿತು. ಕಲಾಯಿ ಹೋಗಿದೆ, ಬೆಸೆದ ಅಂಚಿನಲ್ಲಿ ತುಕ್ಕು ಹಿಡಿದಿದೆ. ಸೀಬಮ್ಮ ಅಮಾವಾಸ್ಯೆಗೊಮ್ಮೆ ನನ್ನೊಳಗೆ ಒಂದಿಷ್ಟು ನೀರು ಬಿಟ್ಟು, ಎತ್ತಿ ಹಿಡಿದು, ಸೋರುತ್ತದೆಯೇ ಎಂದು ನೋಡುತ್ತಾಳೆ. ಈ ಸಲ ತಳದ ಅಂಚಿನಲ್ಲಿ ಒಂದು ಹನಿ ಮೂಡಿ ನಿಂತಿತು. ಅವಳು ಅದನ್ನು ಬೆರಳಿನಿಂದ ಒರೆಸಿ, “ಇನ್ನೊಂದಷ್ಟು ದಿನ ತಡ್ಕೊ,” ಎಂದಳು. ನನಗೆ ಹೇಳಿದಳೋ, ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ. ಇಬ್ಬರೂ ತಡೆದುಕೊಂಡಿದ್ದೇವೆ.